ಆನ್‌ಲೈನ್ ಥೆರಪಿ: ಫಾರ್ಮ್ ತುಂಬುವಲ್ಲಿಂದ ಕೊನೆಯ ಸೆಷನ್‌ವರೆಗೆ

ಆನ್‌ಲೈನ್ ಥೆರಪಿಗೆ, ಅಂದರೆ ಮನಸ್ಸಿನ ತೊಂದರೆಗೆ ವಿಡಿಯೊ ಕರೆಯಲ್ಲಿ ಮಾತಿನ ಮೂಲಕ ಪಡೆಯುವ ಚಿಕಿತ್ಸೆಗೆ, ಮೊದಲ ಸಲ ಹೆಸರು ಬರೆಸುವವರ ಪ್ರಶ್ನೆಗಳು ಹೆಚ್ಚಾಗಿ ಫೋನಿನ ಸುತ್ತಲೇ ಇರುತ್ತವೆ. ಯಾವ ಆಪ್ ಹಾಕಿಕೊಳ್ಳಬೇಕು, ಊರಿನ ನೆಟ್‌ವರ್ಕ್ ಸಾಕಾದೀತೆ, ಕ್ಯಾಮೆರಾ ಆನ್ ಮಾಡಲೇಬೇಕೆ. ಇವೆಲ್ಲ ಅರ್ಧ ದಿನದಲ್ಲಿ ಬಗೆಹರಿಯುವ ಸಂಗತಿಗಳು. ತಿಂಗಳಾದರೂ ಕಾಡುವುದು ಬೇರೆ ಎರಡು: ಆ ಕಡೆ ಕೂತವರು ಯಾರು, ಮತ್ತು ಈ ಕಡೆ ನೀವಾಡುವ ಮಾತು ಮನೆಯಲ್ಲಿ ಇನ್ಯಾರ ಕಿವಿಗೆ ಬೀಳುತ್ತಿದೆ. ಅರ್ಧಕ್ಕೇ ಬಿಟ್ಟವರನ್ನು ವಿಚಾರಿಸಿದರೆ ಕಾರಣ ಬಹಳ ಸಲ ಈ ಎರಡರಲ್ಲೊಂದಾಗಿರುತ್ತದೆ.

ಪರದೆಯ ಮೇಲೆ ಎಲ್ಲರ ಹೆಸರಿನ ಕೆಳಗೂ ‘ಥೆರಪಿಸ್ಟ್’ ಎಂದೇ ಇರುತ್ತದೆ. ಓದು ಮಾತ್ರ ಒಬ್ಬೊಬ್ಬರದು ಒಂದೊಂದು. ಮನೋವೈದ್ಯರು ಎಂಬಿಬಿಎಸ್ ಆದಮೇಲೆ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ಈ ಸಾಲಿನಲ್ಲಿ ಮಾತ್ರೆ ಬರೆಯುವ ಅಧಿಕಾರ ಇರುವುದು ಅವರಿಗೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಮಾಡಿಸಿಕೊಂಡವರು. ಬಹುಕಾಲ ಇದು ಎರಡು ವರ್ಷದ ಎಂ.ಫಿಲ್ ಆಗಿತ್ತು. ಅವರ ನೋಂದಣಿ ಸಂಖ್ಯೆ ಕೇಳುವುದರಲ್ಲಿ ಸಂಕೋಚ ಬೇಡ. ಸರಿಯಾದವರು ಬೇಸರಪಡದೆ ಕೊಡುತ್ತಾರೆ. ಕೌನ್ಸೆಲರ್ ಅಥವಾ ಆಪ್ತ ಸಮಾಲೋಚಕರ ವಿಷಯ ಇಷ್ಟು ಬಿಗಿಯಾಗಿಲ್ಲ. ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ವರ್ಷಗಟ್ಟಲೆ ಹಿರಿಯರ ಕೈಕೆಳಗೆ ಪಳಗಿದವರೂ ಕೌನ್ಸೆಲರೇ, ನಾಲ್ಕು ವಾರಾಂತ್ಯದಲ್ಲಿ ಸರ್ಟಿಫಿಕೇಟ್ ಹಿಡಿದವರೂ ಕೌನ್ಸೆಲರೇ. ವೈದ್ಯ ಪೂರಕ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕೇಂದ್ರ ಕಾಯ್ದೆ ಈ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿದೆ, ಆದರೆ ವೈದ್ಯರಿಗಿರುವಂಥ ನೋಂದಣಿಯ ಶಿಸ್ತು ಇಲ್ಲಿ ಇನ್ನೂ ಬೇರೂರಿಲ್ಲ. ವಿಚಾರಿಸಿಕೊಳ್ಳುವ ಕೆಲಸ ನಿಮ್ಮ ಮೇಲೇ ಬೀಳುತ್ತದೆ.

ಅದಕ್ಕೆ ತಕ್ಕ ಹೊತ್ತು ಮೊದಲ ಪರಿಚಯದ ಕರೆ. ಹಲವರು ಹತ್ತು-ಹದಿನೈದು ನಿಮಿಷವನ್ನು ಉಚಿತವಾಗಿ ಕೊಡುತ್ತಾರೆ. ಅದರಲ್ಲಿ ನಿಮ್ಮ ಕಷ್ಟವನ್ನೆಲ್ಲ ಹೇಳಿ ಮುಗಿಸಲು ಹೋಗಬೇಡಿ. ಏನು ಓದಿದ್ದೀರಿ, ನಿಮ್ಮ ಕೆಲಸವನ್ನು ಗಮನಿಸಿ ತಿದ್ದುವ ಹಿರಿಯರು ಇದ್ದಾರೆಯೇ, ನನ್ನಂಥ ತೊಂದರೆಯನ್ನು ಯಾವ ವಿಧಾನದಲ್ಲಿ ನೋಡುತ್ತೀರಿ ಎಂದು ಕೇಳಿ. ಮೂರನೆಯದಕ್ಕೆ ಬರುವ ಉತ್ತರ ಬಹಳಷ್ಟು ಹೇಳುತ್ತದೆ. ಗೀಳಿನ ತೊಂದರೆ ಎಂದಾಗ ‘ಇಆರ್‌ಪಿ ಮಾಡಿಸುತ್ತೇನೆ, ಹೀಗೆ ಹೀಗೆ ಇರುತ್ತದೆ’ ಎಂದು ವಿವರಿಸಿದರೆ ಮುಂದುವರಿಯಬಹುದು (ಇಆರ್‌ಪಿ ಎಂದರೆ ಕಾಡುವ ಭಯವನ್ನು ಎದುರಿಸಿ, ಗೀಳಿನ ಕೆಲಸ ಮಾಡದೆ ಉಳಿಯುವ ಅಭ್ಯಾಸ). ಖಿನ್ನತೆ, ದಾಂಪತ್ಯ, ಮಕ್ಕಳ ಓದು, ಕುಡಿತ ಎಲ್ಲಕ್ಕೂ ಒಂದೇ ಪ್ಯಾಕೇಜ್, ಐದು ಸೆಷನ್‌ನಲ್ಲಿ ಗ್ಯಾರಂಟಿ ಎಂದರೆ ಅಲ್ಲಿಗೇ ನಮಸ್ಕಾರ ಹೇಳಬಹುದು.

ಭಾಷೆಯ ವಿಚಾರವೂ ಆ ಕರೆಯಲ್ಲೇ ತೀರ್ಮಾನವಾಗಲಿ. ಪಟ್ಟಿಯಲ್ಲಿ ‘ಕನ್ನಡ’ ಎಂದು ನಮೂದಿಸಿದವರಲ್ಲಿ ಕೆಲವರಿಗೆ ಕನ್ನಡ ಅರ್ಥವಾಗುತ್ತದೆ, ಕೇಳುವುದು ಮಾತ್ರ ಇಂಗ್ಲಿಷಿನಲ್ಲೇ. ನಿನ್ನೆ ರಾತ್ರಿ ಏನಾಯಿತು ಎಂಬುದನ್ನು ಎರಡು ನಿಮಿಷ ನಿಮ್ಮ ಮನೆಯ ಕನ್ನಡದಲ್ಲೇ, ಅದು ಮಂಡ್ಯದ್ದಿರಲಿ ಬೀದರಿನದ್ದಿರಲಿ, ಹೇಳಿ ನೋಡಿ. ಅವರು ಮರುಪ್ರಶ್ನೆ ಹೇಗೆ ಕೇಳುತ್ತಾರೆ ಎಂಬುದರಲ್ಲೇ ತಿಳಿಯುತ್ತದೆ.

ಒಪ್ಪಿದ ಮೇಲೆ ಫಾರ್ಮ್ ಬರುತ್ತದೆ. ಹೆಸರು, ವಯಸ್ಸು, ಹಳೆಯ ಕಾಯಿಲೆಗಳು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳು. ಜೊತೆಗೆ ನೀವು ಈಗ ಇರುವ ಮನೆಯ ಪೂರ್ತಿ ವಿಳಾಸ ಮತ್ತು ತುರ್ತಿಗೆ ಕರೆಯಬಹುದಾದ ಒಬ್ಬರ ಫೋನ್ ನಂಬರ್. ಈ ಎರಡು ಖಾನೆ ಕಂಡು ಹಲವರು ಹಿಂಜರಿಯುತ್ತಾರೆ, ಸುಳ್ಳು ನಂಬರ್ ಬರೆಯುವವರೂ ಇದ್ದಾರೆ. ಕ್ಲಿನಿಕ್ಕಿನಲ್ಲಾದರೆ ಯಾರಿಗಾದರೂ ತೀರಾ ಹದಗೆಟ್ಟರೆ ಕೈ ಹಿಡಿದು ಕೂರಿಸಬಹುದು. ಪರದೆಯ ಆ ಕಡೆಯವರಿಗೆ ಇರುವ ದಾರಿ ಎಂದರೆ ಆ ನಂಬರ್, ಇಲ್ಲವೇ 112, 108. ಅದಕ್ಕೇ ಎಚ್ಚರದ ಥೆರಪಿಸ್ಟ್‌ಗಳು ಪ್ರತಿ ಸೆಷನ್ನಿನ ಆರಂಭದಲ್ಲೂ ‘ಇವತ್ತು ಎಲ್ಲಿದ್ದೀರಿ, ಒಬ್ಬರೇ ಇದ್ದೀರಾ?’ ಎಂದು ಕೇಳುತ್ತಾರೆ. ಹುಬ್ಬಳ್ಳಿಯ ವಿಳಾಸ ಕೊಟ್ಟು ಬೆಂಗಳೂರಿನ ಪೀಜಿಯಲ್ಲಿ ಕೂತಿದ್ದರೆ ಅದು ಅವರಿಗೆ ಗೊತ್ತಿರಬೇಕು. ತುರ್ತಿನ ನಂಬರಿಗೆ ಅಪ್ಪ-ಅಮ್ಮನದೇ ಆಗಬೇಕೆಂದೇನಿಲ್ಲ. ಅದೇ ಊರಿನಲ್ಲಿರುವ, ರಾತ್ರಿ ಫೋನ್ ಎತ್ತುವ ಸ್ನೇಹಿತರೊಬ್ಬರು ಸಾಕು. ಅವರಿಗೆ ಮೊದಲೇ ಒಂದು ಮಾತು ಹೇಳಿರಬೇಕಷ್ಟೆ.

ಫಾರ್ಮಿನ ಜೊತೆ ಎರಡು ಪ್ರಶ್ನಾವಳಿ ಇರುವುದು ರೂಢಿ. ಪಿಎಚ್‌ಕ್ಯೂ-9 ಖಿನ್ನತೆಗೆ, ಜಿಎಡಿ-7 ಆತಂಕಕ್ಕೆ. ಕಳೆದ ಎರಡು ವಾರದಲ್ಲಿ ಇಂತಿಂಥದ್ದು ಎಷ್ಟು ದಿನ ಕಾಡಿತು ಎಂಬುದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ. ಮೊದಲನೆಯದರ ಗರಿಷ್ಠ 27, ಎರಡನೆಯದರದು 21. ಎರಡರಲ್ಲೂ 10 ಮುಟ್ಟಿದರೆ ಗಮನಿಸಬೇಕಾದ ಮಟ್ಟ ಎಂದು ಲೆಕ್ಕ. ಇದು ಜ್ವರ ನೋಡುವ ಥರ್ಮಾಮೀಟರ್ ಇದ್ದ ಹಾಗೆ, ಯಾವ ಜ್ವರ ಎಂದು ಹೇಳುವುದಿಲ್ಲ. ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಕುರಿತದ್ದು. ಅಲ್ಲಿ ಸೊನ್ನೆ ಬಿಟ್ಟು ಬೇರೇನು ಬರೆದರೂ ಥೆರಪಿಸ್ಟ್ ಅದನ್ನೇ ಮೊದಲು ಎತ್ತುತ್ತಾರೆ. ಹಾಗೆ ಬರೆದ ಮಾತ್ರಕ್ಕೆ ಯಾರೂ ಮನೆಗೆ ಫೋನ್ ಮಾಡುವುದಿಲ್ಲ. ಯೋಚನೆ ಬಂದುಹೋಗುತ್ತದೆಯೋ, ಯೋಜನೆ ಇದೆಯೋ, ಅದಕ್ಕೆ ಬೇಕಾದ ವಸ್ತು ಕೈಗೆಟುಕುವಂತಿದೆಯೋ ಎಂದು ಒಂದೊಂದಾಗಿ ಕೇಳುತ್ತಾರೆ. ಹೆದರಿ ಸೊನ್ನೆ ಬರೆದರೆ ನಷ್ಟ ನಿಮಗೇ.

ಇನ್ನು ಜಾಗ. ಎರಡು ಕೋಣೆಯ ಮನೆ, ಅದರಲ್ಲಿ ಐದು ಜನ, ಬಾಗಿಲು ಹಾಕಿಕೊಂಡರೆ ‘ಏನಾಯ್ತು?’ ಎಂದು ಬಾಗಿಲು ಬಡಿಯುವ ಪ್ರೀತಿ. ಇಲ್ಲಿ ಐವತ್ತು ನಿಮಿಷ ಮನಸ್ಸು ಬಿಚ್ಚುವುದು ಹೇಗೆ?

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಇಯರ್‌ಫೋನ್ ಹಾಕಿಕೊಂಡರೆ ಗುಟ್ಟು ಉಳಿಯುತ್ತದೆ ಎಂದುಕೊಳ್ಳುತ್ತಾರೆ. ಇಯರ್‌ಫೋನ್ ಮುಚ್ಚುವುದು ಥೆರಪಿಸ್ಟ್ ಆಡುವ ಮಾತನ್ನು. ಹೊರಗೆ ಸೋರುವುದು ನಿಮ್ಮ ಮಾತು. ಹಾಗಾಗಿ ಮೈಕ್ ಬಾಯಿಗೆ ಹತ್ತಿರವಿರುವ ವೈರಿನ ಇಯರ್‌ಫೋನ್ ತೆಗೆದುಕೊಂಡರೆ ಧ್ವನಿ ತಗ್ಗಿಸಿ ಮಾತಾಡಿದರೂ ಆ ಕಡೆ ಕೇಳುತ್ತದೆ. ಬ್ಲೂಟೂತ್‌ನದು ನಡುವೆ ಚಾರ್ಜ್ ಮುಗಿದರೆ ಮಾತು ಥಟ್ಟನೆ ಸ್ಪೀಕರಿಗೆ ಜಿಗಿಯುತ್ತದೆ, ಹಾಲ್‌ನಲ್ಲಿ ಕೂತವರಿಗೆಲ್ಲ ಥೆರಪಿಸ್ಟ್‌ನ ದನಿ ಕೇಳಿಸುತ್ತದೆ. ಬಾಗಿಲ ಕೆಳಗಿನ ಸಂದಿಗೆ ಟವೆಲ್ ಮಡಿಚಿ ಒತ್ತಿ. ಪಕ್ಕದ ಕೋಣೆಗೆ ಅಂಟಿದ ಗೋಡೆಯನ್ನು ಬಿಟ್ಟು ಬಟ್ಟೆಯ ಬೀರು, ಪರದೆ ಇರುವ ಮೂಲೆಗೆ ಮುಖಮಾಡಿ ಕೂತರೆ ದನಿ ಅಷ್ಟು ಹರಡದು. ಫ್ಯಾನ್ ಐದರಲ್ಲಿರಲಿ, ಅದರ ಗಾಳಿ ಮೈಕಿಗೆ ನೇರ ಹೊಡೆಯದಿದ್ದರಾಯಿತು. ಹೊತ್ತಿನ ಆಯ್ಕೆಯಲ್ಲೂ ಒಂದು ಉಪಾಯವಿದೆ: ಸಂಜೆ ಏಳರಿಂದ ಒಂಬತ್ತರ ನಡುವೆ ಹಾಲ್‌ನಲ್ಲಿ ಧಾರಾವಾಹಿ ನಡೆಯುವ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ಮರೆ ಸಿಗುವುದಿಲ್ಲ.

ನಿಲ್ಲಿಸಿದ ಕಾರಿನಲ್ಲಿ ಕೂತು ಮಾತಾಡುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ತಪ್ಪೇನಿಲ್ಲ, ಗಾಡಿ ಓಡುತ್ತಿರಬಾರದು ಅಷ್ಟೆ. ಓಡಿಸುತ್ತ ಮಾತಾಡಿದರೆ ಥೆರಪಿಸ್ಟ್ ಸೆಷನ್ ನಿಲ್ಲಿಸುತ್ತಾರೆ, ನಿಲ್ಲಿಸಬೇಕು. ಟೆರೇಸ್ ಮೇಲ್ನೋಟಕ್ಕೆ ಅನುಕೂಲ ಅನ್ನಿಸುತ್ತದೆ, ಆದರೆ ಗಾಳಿಯ ಸದ್ದು ಮಾತನ್ನು ನುಂಗುತ್ತದೆ, ಪಕ್ಕದ ಮನೆಯವರು ಬಟ್ಟೆ ಒಣಹಾಕಲು ಬರುತ್ತಾರೆ. ಸಾವಿನ ಯೋಚನೆ ಇರುವವರನ್ನಂತೂ ಟೆರೇಸಿನಲ್ಲಿ ಕೂರಿಸಿ ಯಾರೂ ಸೆಷನ್ ಮಾಡುವುದಿಲ್ಲ.

ಮನೆಯವರಿಗೆ ಏನು ಹೇಳುವುದು? ‘ಆಫೀಸ್ ಮೀಟಿಂಗ್’ ಕೆಲವು ವಾರ ನಡೆಯುತ್ತದೆ, ಮೀಟಿಂಗ್ ಮುಗಿಸಿ ಅತ್ತ ಕಣ್ಣಿನಲ್ಲಿ ಹೊರಬಂದ ದಿನ ಕೆಡುತ್ತದೆ. ಪೂರ್ತಿ ಹೇಳುವ ಮನಸ್ಸಿಲ್ಲದಿದ್ದರೆ ನಿಜದ ಒಂದು ತುಂಡು ಹೇಳುವುದು ಲೇಸು. ‘ಅಮ್ಮಾ, ನಿದ್ದೆ ಸರಿಯಾಗಿ ಬರ್ತಿಲ್ಲ ಅಂದಿದ್ನಲ್ಲ, ಡಾಕ್ಟರ್ ಹತ್ರ ಫೋನಲ್ಲಿ ಮಾತಾಡೋದಿದೆ. ಏಳೂವರೆಯಿಂದ ಎಂಟೂ ಇಪ್ಪತ್ತರ ತನಕ ಕರೀಬೇಡ.’ ಹೊತ್ತನ್ನು ಹೀಗೆ ಗಡಿಯಾರ ಹಿಡಿದು ಹೇಳಿದರೆ ಬಾಗಿಲು ಬಡಿಯುವುದು ಕಡಿಮೆಯಾಗುತ್ತದೆ.

ಆದರೂ ಯಾರಾದರೂ ಒಳಗೆ ಬಂದೇ ಬರುತ್ತಾರೆ. ಅದಕ್ಕೆ ಮೊದಲ ಸೆಷನ್ನಿನಲ್ಲೇ ಒಂದು ವಾಕ್ಯ ಗೊತ್ತುಮಾಡಿಕೊಳ್ಳಿ. ‘ಆ ರಿಪೋರ್ಟ್ ನಾಳೆ ಕಳಿಸ್ತೀನಿ’ ಎಂದರೆ ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ ಎಂದರ್ಥ. ಥೆರಪಿಸ್ಟ್ ಆಗ ಹೌದು-ಇಲ್ಲ ಎನ್ನಬಹುದಾದ ಪ್ರಶ್ನೆಗೆ ತಿರುಗುತ್ತಾರೆ, ಇಲ್ಲವೇ ಚಾಟ್‌ನಲ್ಲಿ ಬರೆಯುತ್ತಾರೆ. ಮನೆಯಲ್ಲಿ ಹೊಡೆತ, ಬೆದರಿಕೆ ಇರುವವರಿಗೆ ಈ ವಾಕ್ಯ ಬರಿಯ ಅನುಕೂಲವಲ್ಲ, ರಕ್ಷಣೆ. ಹೊಡೆಯುವವರೇ ಪಕ್ಕದ ಕೋಣೆಯಲ್ಲಿರುವಾಗ ಮನೆಯಿಂದ ವಿಡಿಯೊ ಸೆಷನ್ ಮಾಡದಿರುವುದೇ ಒಳ್ಳೆಯದು. ಅಂಥವರು ಹೊರಗೆ ಹೋಗಿ ಮುಖಾಮುಖಿ ಭೇಟಿಯಾಗುವ ದಾರಿ ಹುಡುಕಬೇಕು.

ಗೋಡೆಗಿಂತ ಹೆಚ್ಚು ಗುಟ್ಟು ಬಿಟ್ಟುಕೊಡುವುದು ಫೋನೇ. ಅಪ್ಪನ ನಂಬರಿಗೆ ಜೋಡಿಸಿದ ಬ್ಯಾಂಕ್ ಖಾತೆಯಿಂದ ಯುಪಿಐ ಮಾಡಿದರೆ ಕ್ಲಿನಿಕ್ಕಿನ ಹೆಸರು ಅಪ್ಪನ ಎಸ್ಸೆಮ್ಮೆಸ್ಸಿನಲ್ಲಿ ಬರುತ್ತದೆ. ಆಫೀಸಿನ ಇಮೇಲ್ ಕೊಟ್ಟರೆ ಸೆಷನ್ನಿನ ಆಹ್ವಾನ ಆಫೀಸಿನ ಕ್ಯಾಲೆಂಡರಿನಲ್ಲಿ ಕೂರುತ್ತದೆ. ಲಾಕ್ ಆದ ಪರದೆಯ ಮೇಲೂ ‘ನಿಮ್ಮ ಸೆಷನ್ ನಾಳೆ 7.30ಕ್ಕೆ’ ಎಂಬ ಸಂದೇಶ ಹೊಳೆಯುತ್ತದೆ. ಬೇರೆ ಇಮೇಲ್, ನೋಟಿಫಿಕೇಶನ್‌ನಲ್ಲಿ ಒಳಗಿನ ಮಾತು ಕಾಣದಂತೆ ಸೆಟ್ಟಿಂಗ್, ನಿಮ್ಮದೇ ಖಾತೆ — ಮೊದಲ ಹಣ ಕಟ್ಟುವ ಮುಂಚೆ ಈ ಮೂರು ಆಗಿರಲಿ.

ಆಪ್‌ಗಳ ಕಡೆಯಿಂದ ಸೋರುವುದೂ ಉಂಟು. ಅಮೆರಿಕದ ಆನ್‌ಲೈನ್ ಥೆರಪಿ ಕಂಪನಿ ಬೆಟರ್‌ಹೆಲ್ಪ್ ಗ್ರಾಹಕರ ಇಮೇಲ್ ಮತ್ತು ಪ್ರಶ್ನಾವಳಿಯ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವಕ್ಕೆ ಕೊಟ್ಟಿತ್ತೆಂದು ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ 78 ಲಕ್ಷ ಡಾಲರ್ ಕಟ್ಟಿಸಿತು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕೆಂದೇ ಹೇಳುತ್ತದೆ. ಥೆರಪಿಸ್ಟ್ ಆ ಗೋಪ್ಯತೆ ಮುರಿಯಬಹುದಾದ ಸಂದರ್ಭಗಳು ಎಣಿಕೆಯವು: ನಿಮ್ಮ ಅಥವಾ ಇನ್ನೊಬ್ಬರ ಜೀವಕ್ಕೆ ಅಪಾಯ, ಕೋರ್ಟಿನ ಆದೇಶ, ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ. ಕೊನೆಯದನ್ನು ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಅಪರಾಧ. ಇದನ್ನೆಲ್ಲ ಮೊದಲ ದಿನವೇ ಬಾಯಿಬಿಟ್ಟು ಹೇಳದ ಥೆರಪಿಸ್ಟ್‌ನನ್ನು ನೀವೇ ಕೇಳಿ. ಸೆಷನ್ ರೆಕಾರ್ಡ್ ಆಗುತ್ತದೆಯೇ ಎಂಬುದನ್ನೂ ಕೇಳಿ. ಒಪ್ಪಿಗೆ ಇಲ್ಲದೆ ಎರಡು ಕಡೆಯವರೂ ಮಾಡಬಾರದು.

ತಾಂತ್ರಿಕ ವಿಚಾರ ಇಷ್ಟೇ. ಐವತ್ತು ನಿಮಿಷದ ವಿಡಿಯೊಗೆ ಅರ್ಧದಿಂದ ಒಂದು ಜಿಬಿ ಡೇಟಾ ಹೋಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್‌ನವರು ಮಧ್ಯಾಹ್ನವೆಲ್ಲ ರೀಲ್ಸ್ ನೋಡಿ ಸಂಜೆ ಕೂತರೆ ಮುಖ ಚೌಕಚೌಕವಾಗಿ ಒಡೆಯುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಕರೆಂಟನ್ನು ನಂಬಿ ವೈಫೈ ಒಂದನ್ನೇ ನೆಚ್ಚಿಕೊಳ್ಳಬೇಡಿ. ಸಂಪರ್ಕ ತಪ್ಪಿದರೆ ಯಾರು ಯಾರಿಗೆ ಮರಳಿ ಕರೆ ಮಾಡಬೇಕು, ಎಷ್ಟು ನಿಮಿಷ ಕಾಯಬೇಕು, ಆಗದಿದ್ದರೆ ಮಾಮೂಲಿ ಫೋನ್ ಕರೆಯಲ್ಲಿ ಮುಂದುವರಿಸುವುದೇ ಎಂದು ಮೊದಲೇ ಮಾತಾಗಿರಲಿ. ಇಲ್ಲದಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಕರೆ ಮಾಡುತ್ತ ಎಂಗೇಜ್ ಟೋನ್ ಕೇಳುತ್ತ ಹತ್ತು ನಿಮಿಷ ಕಳೆಯುತ್ತಾರೆ. ಫೋನನ್ನು ಕೈಯಲ್ಲಿ ಹಿಡಿಯಬೇಡಿ, ಕಣ್ಣಿನ ಮಟ್ಟಕ್ಕೆ ಒರಗಿಸಿಡಿ. ಮುಖದ ಜೊತೆ ಭುಜ, ಎದೆ, ಸಾಧ್ಯವಾದರೆ ಕೈಗಳೂ ಕಾಣಲಿ. ಕಿಟಕಿ ಬೆನ್ನ ಹಿಂದೆ ಬಂದರೆ ನೀವು ಬರಿಯ ನೆರಳು. ನಿಮ್ಮದೇ ಮುಖ ಕಾಣುವ ಚಿಕ್ಕ ಚೌಕವನ್ನು ಮರೆಮಾಡುವ ಆಯ್ಕೆ ಹೆಚ್ಚಿನ ಆಪ್‌ಗಳಲ್ಲಿದೆ. ಅದನ್ನು ಮುಚ್ಚಿ, ಅಳುವಾಗ ತನ್ನ ಮುಖ ತಾನೇ ನೋಡುವುದು ಯಾರಿಗೂ ಬೇಡದ ಶಿಕ್ಷೆ.

ಪರದೆಯಲ್ಲಿ ಥೆರಪಿಸ್ಟ್‌ಗೆ ಕಾಣದೆ ಹೋಗುವುದು ಬಹಳ ಇದೆ. ಅಲುಗುವ ಕಾಲು ಕಾಣದು, ಕುಡಿದು ಬಂದಿದ್ದರೆ ವಾಸನೆ ತಿಳಿಯದು. ಅದಕ್ಕೇ ‘ಈಗ ಮೈಯಲ್ಲಿ ಎಲ್ಲಿ ಏನಾಗ್ತಿದೆ?’ ಎಂದು ಪದೇಪದೇ ಕೇಳುತ್ತಾರೆ. ಮೌನವೂ ತೊಡಕೇ. ಎದುರಿಗೆ ಕೂತಾಗ ಸಹಜವಾದ ಮೌನ, ಇಲ್ಲಿ ನೆಟ್ ನಿಂತಿತೇನೋ ಎಂಬ ಗಾಬರಿ ಹುಟ್ಟಿಸುತ್ತದೆ. ‘ಯೋಚನೆ ಮಾಡ್ತಿದ್ದೀನಿ’ ಎಂದು ಒಂದು ಮಾತು ಹೇಳಿ ಸುಮ್ಮನಿರಬಹುದು.

ಮೊದಲ ಸೆಷನ್ ಒಂದರಿಂದ ಒಂದೂವರೆ ಗಂಟೆಯದಾಗಬಹುದು, ಮುಂದಿನವು 45-50 ನಿಮಿಷ. ಮೊದಲ ದಿನ ಪರಿಹಾರ ಸಿಗುವುದಿಲ್ಲ. ಯಾವಾಗ ಶುರುವಾಯಿತು, ನಿದ್ದೆ, ಊಟ, ಕೆಲಸ, ಮನೆತನದಲ್ಲಿ ಇನ್ಯಾರಿಗಾದರೂ ಇತ್ತೇ, ಕುಡಿತ, ಸಿಗರೇಟು, ಹಿಂದಿನ ಚಿಕಿತ್ಸೆ ಎಂದು ಪ್ರಶ್ನೆಗಳೇ ಪ್ರಶ್ನೆಗಳು. ಥೈರಾಯ್ಡ್, ಬಿ12, ರಕ್ತಹೀನತೆಯ ಪರೀಕ್ಷೆ ಮಾಡಿಸಿಲ್ಲವಾದರೆ ಮಾಡಿಸಿ ಬನ್ನಿ ಎಂದರೆ ಅದು ಹೊಣೆಗಾರಿಕೆಯ ಲಕ್ಷಣ. ಥೈರಾಯ್ಡ್ ತಗ್ಗಿದಾಗಲೂ ಆಯಾಸ, ಜಡತನ, ಬೇಸರ ಖಿನ್ನತೆಯ ಹಾಗೇ ಕಾಣುತ್ತವೆ. ಮುಗಿದ ಮೇಲೆ ತಲೆ ಭಾರವಾಗಿ, ಇದನ್ನೆಲ್ಲ ಯಾಕಾದರೂ ಹೇಳಿದೆನೋ ಅನ್ನಿಸುವುದು ಸಾಮಾನ್ಯ. ಕ್ಲಿನಿಕ್ಕಿನಿಂದ ಮನೆಗೆ ಬರುವ ದಾರಿಯಲ್ಲಿ ಆಗುತ್ತಿದ್ದ ಸಮಾಧಾನ ಇಲ್ಲಿ ಇಲ್ಲ: ಲ್ಯಾಪ್‌ಟಾಪ್ ಮುಚ್ಚಿದರೆ ಎದುರಿಗೆ ಅಡುಗೆಮನೆ. ಹದಿನೈದು ನಿಮಿಷ ಖಾಲಿ ಇಟ್ಟುಕೊಂಡು ಬೀದಿಯ ತುದಿಯವರೆಗಾದರೂ ನಡೆದು ಬನ್ನಿ. ಸೆಷನ್ನಿಗೆ ಅಂಟಿಕೊಂಡೇ ಆಫೀಸ್ ಕರೆ ಇಟ್ಟುಕೊಳ್ಳುವವರೇ ಬೇಗ ಬೇಸತ್ತು ಬಿಡುವವರು.

ಎರಡು-ಮೂರನೆಯ ಸೆಷನ್ನಿಗೆ ಥೆರಪಿಸ್ಟ್ ತಾನು ಅರ್ಥಮಾಡಿಕೊಂಡದ್ದನ್ನು ಹೇಳಬೇಕು: ತೊಂದರೆ ಹೇಗೆ ಶುರುವಾಗಿ ಯಾವುದರಿಂದ ಉಳಿದುಕೊಂಡಿದೆ, ಏನು ಮಾಡೋಣ, ಸುಮಾರು ಎಷ್ಟು ಸೆಷನ್. ಆತಂಕ, ಖಿನ್ನತೆಗೆ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಗಮನಿಸಿ ಬದಲಿಸುವ ಚಿಕಿತ್ಸೆ) ಮಾದರಿಯಲ್ಲಿ ವಾರಕ್ಕೊಂದರಂತೆ 12ರಿಂದ 20 ಸೆಷನ್ ಸಾಮಾನ್ಯ ಅಂದಾಜು. ಕೆಲಸದ ಹೆಚ್ಚಿನ ಭಾಗ ಸೆಷನ್ನಿನ ಹೊರಗೆ ನಡೆಯುತ್ತದೆ. ಉದಾಹರಣೆಗೆ ರಾತ್ರಿ ಒಂಬತ್ತಕ್ಕೆ ಮ್ಯಾನೇಜರರಿಂದ ‘ಬೆಳಿಗ್ಗೆ ಕರೆ ಮಾಡಿ’ ಎಂದು ಮೆಸೇಜ್. ನೋಟ್‌ಬುಕ್ಕಿನ ಒಂದು ಕಾಲಂನಲ್ಲಿ ಅಷ್ಟನ್ನೇ ಬರೆಯುವುದು. ಮುಂದಿನದರಲ್ಲಿ ತಕ್ಷಣ ಬಂದ ಯೋಚನೆ: ‘ಕೆಲಸದಿಂದ ತೆಗೀತಾರೆ.’ ಅದರ ಪಕ್ಕ ಭಯ, ನೂರಕ್ಕೆ 85. ನಂತರ ಆ ಯೋಚನೆಗೆ ಪರವಾದ ಸಾಕ್ಷ್ಯ, ವಿರುದ್ಧವಾದ ಸಾಕ್ಷ್ಯ: ಹೋದ ತಿಂಗಳೂ ಹೀಗೇ ಮೆಸೇಜ್ ಬಂದಿತ್ತು, ರಜೆಯ ಪಟ್ಟಿ ಕೇಳಲು. ಕೊನೆಗೆ ಭಯಕ್ಕೆ ಮತ್ತೆ ಅಂಕ. 85 ಇದ್ದದ್ದು 50ಕ್ಕೆ ಇಳಿದರೂ ಕೆಲಸವಾಗಿದೆ. ಸೊನ್ನೆಗೆ ಇಳಿಸುವುದು ಗುರಿಯೇ ಅಲ್ಲ. ಇದನ್ನು ಸೆಷನ್ನಿಗೆ ಹತ್ತು ನಿಮಿಷ ಮುಂಚೆ ನೆನಪಿನಿಂದ ತುಂಬಿದರೆ ಪ್ರಯೋಜನವಿಲ್ಲ. ಯೋಚನೆ ಬಿಸಿಯಾಗಿರುವಾಗಲೇ ಬರೆಯಬೇಕು.

ಆನ್‌ಲೈನ್ ಕ್ಲಿನಿಕ್ಕನ್ನೇ ಮೀರಿಸುವ ಸಂದರ್ಭವೂ ಇದೆ, ಅದು ಗೀಳಿನ ಚಿಕಿತ್ಸೆ. ಕ್ಲಿನಿಕ್ಕಿನಲ್ಲಿ ಗ್ಯಾಸ್ ಸಿಲಿಂಡರ್ ಇರುವುದಿಲ್ಲ, ಮನೆಯಲ್ಲಿ ಇದೆ. ರೆಗ್ಯುಲೇಟರ್ ಆಫ್ ಆಗಿದೆಯೇ ಎಂದು ರಾತ್ರಿ ಹತ್ತಾರು ಸಲ ಎದ್ದು ನೋಡುವವರು ಫೋನನ್ನು ಅಡುಗೆಮನೆಗೇ ಒಯ್ಯುತ್ತಾರೆ. ಥೆರಪಿಸ್ಟ್ ನೋಡುತ್ತಿರುವಾಗ ರೆಗ್ಯುಲೇಟರನ್ನು ಒಂದೇ ಸಲ ತಿರುಗಿಸಿ, ಬೆನ್ನು ತಿರುಗಿಸಿ ಬಂದು ಕೂರಬೇಕು. ತಳಮಳ ನೂರಕ್ಕೆ ಎಷ್ಟು? 70. ಐದು ನಿಮಿಷ ಬಿಟ್ಟು? 80. ಏರುತ್ತದೆ, ಏರಲಿ. ಎದ್ದು ನೋಡದೆ ಕೂತಿರುವುದೇ ಅಭ್ಯಾಸ. ಹೊತ್ತು ಸರಿದಂತೆ ಅದು ತಾನಾಗಿ ಇಳಿಯತೊಡಗುತ್ತದೆ. ಒಂದೊಂದು ದಿನ ಸೆಷನ್ ಮುಗಿಯುವ ಹೊತ್ತಿಗೂ ಇಳಿಯದು. ಆಗಲೂ ನೋಡದೆ ಉಳಿದದ್ದು ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಕೆಡುವುದು ಎರಡು ರೀತಿ. ಒಂದು, ರೆಗ್ಯುಲೇಟರಿನ ಫೋಟೊ ತೆಗೆದು ಇಟ್ಟುಕೊಂಡು ಹಾಸಿಗೆಯಲ್ಲಿ ಅದನ್ನೇ ನೋಡುವುದು: ಗೀಳು ಅಡುಗೆಮನೆಯಿಂದ ಗ್ಯಾಲರಿಗೆ ವಾಸ ಬದಲಿಸಿತು ಅಷ್ಟೆ. ಎರಡು, ‘ಮೇಡಂ, ನೀವೂ ನೋಡಿದ್ರಲ್ಲ, ಆಫ್ ಆಗಿದೆ ತಾನೆ?’ ಎಂದು ಕೇಳುವುದು. ಇದಕ್ಕೆ ಥೆರಪಿಸ್ಟ್ ಉತ್ತರಿಸುವುದಿಲ್ಲ. ಒರಟುತನವಲ್ಲ, ಆ ಭರವಸೆ ಕೊಟ್ಟರೆ ಅಷ್ಟು ಹೊತ್ತಿನ ಕೆಲಸ ನೀರುಪಾಲು. ಮನೆಯವರಿಗೂ ಇದನ್ನೇ ಹೇಳಿಕೊಡಲು ಅವರನ್ನು ಒಂದು ಸೆಷನ್ನಿಗೆ ಕರೆಸುವುದುಂಟು, ಬೇರೆ ಊರಿನಲ್ಲಿರುವ ಅಣ್ಣನೂ ಸೇರಬಹುದು.

ಮೂರರಿಂದ ಆರನೆಯ ಸೆಷನ್ನಿನ ನಡುವೆ ಒಂದು ಇಳಿಜಾರು ಬರುತ್ತದೆ. ಹೇಳಿಕೊಂಡದ್ದರಿಂದ ಮೊದಲು ಆದ ಹಗುರ ಮುಗಿದಿರುತ್ತದೆ, ಅಭ್ಯಾಸದ ಫಲ ಇನ್ನೂ ಕಂಡಿರುವುದಿಲ್ಲ. ‘ಈ ವಾರ ಕೆಲಸ ಜಾಸ್ತಿ’ ಎಂದು ಸೆಷನ್ ಮುಂದೂಡುವುದು ಇಲ್ಲಿಂದಲೇ ಶುರು. 24 ಗಂಟೆ ಮುಂಚೆ ತಿಳಿಸದಿದ್ದರೆ ಶುಲ್ಕ ಮರಳಿಸದ ನಿಯಮ ಹಲವರದು, ಆ ಜಗಳದಲ್ಲೇ ಸಂಬಂಧ ಮುರಿಯುತ್ತದೆ. ಬಿಡುವ ಮನಸ್ಸಾದರೆ ಅದನ್ನೇ ಸೆಷನ್ನಿನಲ್ಲಿ ಹೇಳಿ. ಪಿಎಚ್‌ಕ್ಯೂ-9ನ್ನು ನಾಲ್ಕು ವಾರಕ್ಕೊಮ್ಮೆ ಮತ್ತೆ ತುಂಬಿಸುತ್ತಾರೆ. 5 ಅಂಕ ಇಳಿದಿದ್ದರೆ ನಿಜವಾದ ಸುಧಾರಣೆ. ಎಂಟು ಸೆಷನ್ ಆದರೂ ಅಲ್ಲಾಡದಿದ್ದರೆ ವಿಧಾನ ಬದಲಿಸಬೇಕೆ, ಮಾತ್ರೆ ಬೇಕೆ, ಥೆರಪಿಸ್ಟ್‌ನನ್ನೇ ಬದಲಿಸಬೇಕೆ ಎಂದು ನೇರ ಕೇಳುವ ಹಕ್ಕು ನಿಮಗಿದೆ. ಒಳ್ಳೆಯವರು ತಾವೇ ಇನ್ನೊಬ್ಬರ ಹೆಸರು ಸೂಚಿಸುತ್ತಾರೆ. ಸೆಷನ್‌ಗಳ ನಡುವೆ ರಾತ್ರಿ ಹನ್ನೊಂದಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಉದ್ದುದ್ದ ಬರೆದರೆ ಉತ್ತರ ಬಾರದು. ಅದು ಸಮಯ ಬದಲಿಸಲು ಮಾತ್ರ ಎಂದು ಹೆಚ್ಚಿನವರು ಮೊದಲೇ ಹೇಳಿರುತ್ತಾರೆ.

ಮಾತ್ರೆಯ ವಿಷಯಕ್ಕೆ 25 ಮಾರ್ಚ್ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯೇ ಆಧಾರ. ಮನೋವೈದ್ಯರು ವಿಡಿಯೊದಲ್ಲಿ ನೋಡಿ ಖಿನ್ನತೆ, ಆತಂಕದ ಮಾತ್ರೆ ಬರೆಯಬಹುದು. ಚೀಟಿಯಲ್ಲಿ ಅವರ ನೋಂದಣಿ ಸಂಖ್ಯೆ, ಸಹಿ ಇರಬೇಕು. ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಯಾದ ಷೆಡ್ಯೂಲ್ ಎಕ್ಸ್‌ನಲ್ಲಿರುವ ಅಥವಾ ಮಾದಕ ವಸ್ತು ಕಾಯ್ದೆಯಡಿ ಬರುವ ಔಷಧಿಗಳನ್ನು ಹೀಗೆ ಬರೆಯುವಂತಿಲ್ಲ. ಗಮನ ನಿಲ್ಲದೆ ಚಂಚಲವಾಗುವ ತೊಂದರೆಯಾದ ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಆ ಗುಂಪಿನದು. ಅದಕ್ಕಾಗಿ ವೈದ್ಯರೊಂದಿಗೆ ಜಗಳವಾಡಬೇಡಿ, ನೇರ ಹೋಗಿ ಕಾಣಬೇಕು. ಖಿನ್ನತೆಯ ಮಾತ್ರೆ ಫಲ ಕಾಣಿಸಲು ಎರಡರಿಂದ ಆರು ವಾರ ಬೇಕು, ಅಡ್ಡಪರಿಣಾಮ ಮಾತ್ರ ಮೊದಲ ವಾರವೇ ಬರುತ್ತದೆ. ಬಿಡುವವರು ಬಿಡುವುದು ಈ ನಡುವಿನಲ್ಲೇ.

ಎಲ್ಲವೂ ಆನ್‌ಲೈನಿಗೆ ತಕ್ಕದ್ದಲ್ಲ. ಇಲ್ಲದ ದನಿ ಕೇಳಿಸುವುದು, ವಿಪರೀತ ಸಂಶಯ, ದಿನಗಟ್ಟಲೆ ನಿದ್ದೆಯಿಲ್ಲದೆ ಉಕ್ಕುವ ಉತ್ಸಾಹ, ಸಾಯಲು ಮಾಡಿಕೊಂಡ ಯೋಜನೆ, ಅನ್ನ ಬಿಟ್ಟು ಮೈ ಕರಗುವುದು — ಇವಕ್ಕೆ ಆಸ್ಪತ್ರೆಯೇ. ದಿನವೂ ವಿಪರೀತ ಕುಡಿಯುವವರು ಪರದೆಯ ಮುಂದೆ ಶಪಥ ಮಾಡಿ ಒಮ್ಮೆಲೇ ನಿಲ್ಲಿಸುವುದು ಅಪಾಯ. ಎರಡು-ಮೂರು ದಿನದೊಳಗೆ ಫಿಟ್ಸ್, ಸನ್ನಿ ಬರಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೂರವಾದರೆ ಜಿಲ್ಲಾಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗವಿದೆ. 

ದುಡ್ಡಿಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆ: 14416, ಇಪ್ಪತ್ನಾಲ್ಕು ಗಂಟೆಯೂ, ಉಚಿತ. 10 ಅಕ್ಟೋಬರ್ 2022ರಂದು ನಿಮ್ಹಾನ್ಸ್‌ನಿಂದ ಶುರುವಾದದ್ದು. ಮೊದಲು ಭಾಷೆ ಆರಿಸಿಕೊಳ್ಳಬೇಕು, ಕನ್ನಡವಿದೆ. ಫೋನ್ ಎತ್ತುವುದು ತರಬೇತಾದ ಕೌನ್ಸೆಲರ್. ಹೆಚ್ಚಿನ ಅಗತ್ಯವಿದ್ದರೆ ತಜ್ಞರಿಗೆ ಜೋಡಿಸುತ್ತಾರೆ, ಇಲ್ಲವೇ ಹತ್ತಿರದ ಆಸ್ಪತ್ರೆ ತಿಳಿಸುತ್ತಾರೆ. ಪ್ರತಿ ವಾರ ಅದೇ ವ್ಯಕ್ತಿಯೊಂದಿಗೆ ಐವತ್ತು ನಿಮಿಷ ಎಂಬ ಏರ್ಪಾಡು ಅಲ್ಲಿಯದಲ್ಲ. ಇವತ್ತು ರಾತ್ರಿ ಕಳೆಯಬೇಕಾದಾಗ ಅದು, ತಿಂಗಳುಗಳ ಕೆಲಸಕ್ಕೆ ಥೆರಪಿ. ಖಾಸಗಿಯಾಗಿ ಸೆಷನ್ನಿಗೆ ಸಾವಿರದ ಆಸುಪಾಸಿನಿಂದ ಮೂರು ಸಾವಿರದವರೆಗೂ ಇದೆ. ಆದಾಯ ನೋಡಿ ಕಡಿಮೆ ಮಾಡುವವರಿದ್ದಾರೆ, ಬಾಯಿಬಿಟ್ಟು ಕೇಳಬೇಕು. ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಕಾಯ್ದೆ ಹೇಳುತ್ತದೆ ನಿಜ, ಆದರೆ ಹೊರರೋಗಿ ವೆಚ್ಚ ಸೇರದ ಪಾಲಿಸಿಯಲ್ಲಿ ಥೆರಪಿಯ ಬಿಲ್ಲಿಗೆ ಹಣ ಬರುವುದಿಲ್ಲ. ಕಂಪನಿ ಕೊಡುವ ಉಚಿತ ಸೆಷನ್‌ಗಳು ಎಣಿಕೆಯವು. ಅವು ಮುಗಿದ ಮೇಲೆ ಅದೇ ಥೆರಪಿಸ್ಟ್ ಸಿಗುತ್ತಾರೆಯೇ ಎಂದು ಮೊದಲೇ ಕೇಳದಿದ್ದರೆ ಮೊದಲಿಂದ ಕಥೆ ಹೇಳಬೇಕಾಗುತ್ತದೆ.

ಹೊರದೇಶದ ಕನ್ನಡಿಗರು ಊರಿನ ಥೆರಪಿಸ್ಟ್‌ನನ್ನು ಹುಡುಕುವುದು ಸಹಜ, ತೊಡಕುಗಳಿವೆ. ಅಮೆರಿಕದಲ್ಲಿ ಥೆರಪಿಸ್ಟ್‌ಗೆ ಗ್ರಾಹಕರು ಇರುವ ರಾಜ್ಯದ ಪರವಾನಗಿ ಬೇಕು. ಅದಿಲ್ಲದ್ದರಿಂದ ಭಾರತದ ಹಲವರು ಒಪ್ಪುವುದಿಲ್ಲ, ಅಲ್ಲಿನ ವಿಮೆಯೂ ಹಣ ಕೊಡುವುದಿಲ್ಲ, ತುರ್ತಾದರೆ ಇಲ್ಲಿಂದ 911 ತಾಗುವುದೂ ಇಲ್ಲ. ಒಪ್ಪಿದವರೊಂದಿಗೂ ಗಡಿಯಾರದ ಗೊಂದಲ: ಕ್ಯಾಲಿಫೋರ್ನಿಯಾದ ಬುಧವಾರ ಸಂಜೆ ಏಳು ಬೇಸಿಗೆಯಲ್ಲಿ ಇಲ್ಲಿನ ಗುರುವಾರ ಬೆಳಿಗ್ಗೆ ಏಳೂವರೆ, ನವೆಂಬರಿನಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಎಂಟೂವರೆ. ಮಾರ್ಚ್, ನವೆಂಬರ್‌ನಲ್ಲಿ ತಪ್ಪುವ ಸೆಷನ್‌ಗಳಿಗೆ ಇದೇ ಕಾರಣ. ದುಬೈನಲ್ಲಿರುವವರಿಗೆ ವಾಟ್ಸ್‌ಆ್ಯಪ್ ವಿಡಿಯೊ ಕರೆ ಸಾಮಾನ್ಯವಾಗಿ ತಾಗುವುದಿಲ್ಲ, ಬೇರೆ ಆಪ್ ಗೊತ್ತುಮಾಡಿಕೊಳ್ಳಬೇಕು.

ಮುಗಿಸುವುದಕ್ಕೂ ಕ್ರಮವಿದೆ. ವಾರಕ್ಕೊಂದು ಇದ್ದದ್ದು ಹದಿನೈದು ದಿನಕ್ಕೊಂದು, ಆಮೇಲೆ ತಿಂಗಳಿಗೊಂದು. ಕೊನೆಯ ಎರಡು ಸೆಷನ್ನಿನಲ್ಲಿ ಮರುಕಳಿಸುವ ಲಕ್ಷಣಗಳನ್ನು ಪಟ್ಟಿ ಮಾಡಿಸುತ್ತಾರೆ: ನಿಮಗೆ ಮೊದಲು ಕೆಡುವುದು ನಿದ್ದೆಯೋ, ಸ್ನಾನ ಮುಂದೂಡುವುದೋ, ಸ್ನೇಹಿತರ ಫೋನ್ ಎತ್ತದಿರುವುದೋ. ಅದರ ಎದುರಿಗೆ ಆಗ ಏನು ಮಾಡಬೇಕು, ಯಾರಿಗೆ ಹೇಳಬೇಕು ಎಂದು ಬರೆದಿರಲಿ. ಚಿಕಿತ್ಸೆಯ ಸಾರಾಂಶವನ್ನು ಒಂದು ಪುಟದಲ್ಲಿ ಕೇಳಿ ಪಡೆಯಿರಿ, ಮುಂದೆ ಬೇರೆಯವರ ಹತ್ತಿರ ಹೋಗಬೇಕಾದರೆ ಬೇಕಾಗುತ್ತದೆ. ಟಿಪ್ಪಣಿಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಎಂದೂ ಕೇಳಿ. ಥೆರಪಿ ಮುಗಿಯಿತೆಂದು ಮಾತ್ರೆ ನಿಲ್ಲಿಸಬೇಡಿ. ಅದನ್ನು ತಗ್ಗಿಸುವ ಲೆಕ್ಕ ಮನೋವೈದ್ಯರದು, ಅದಕ್ಕೆ ಬೇರೆಯೇ ದಿನಾಂಕ ತೆಗೆದುಕೊಳ್ಳಬೇಕು.